ಹದಿನಾರನೇ ಫೇಡರ್

ಮಾಸ್ಟರ್ ಕೆಂಪಗಾಗುತ್ತಿಲ್ಲ ಎಂಬುದೇ ಆ ಮಧ್ಯಾಹ್ನ ಅವನಿಗೆ ಅನುಮಾನ ಹುಟ್ಟಿಸಬೇಕಿತ್ತು. ಅದರ ಬದಲು ಅವನಿಗೆ ತನ್ನ ಮೇಲೆ ತನಗೇ ಒಂದಿಷ್ಟು ಗೌರವ ಹುಟ್ಟಿತು. ಐದು ಹೆಂಗಸರ ದನಿ, ಒಂದು ಕೊಳಲು, ಒಂದು ಕೀಬೋರ್ಡು, ಒಟ್ಟು ಏಳು ಟ್ರ್ಯಾಕು. ಏಳೂ ತಮ್ಮ ತಮ್ಮ ದಾರಿಯಲ್ಲಿ ಬಂದು ಕೊನೆಗೆ ನುಗ್ಗುವುದು ಮಾಸ್ಟರ್ ಎಂಬ ಒಂದೇ ಬಾಗಿಲಿಗೆ. ಆ ಬಾಗಿಲ ಪಕ್ಕದಲ್ಲಿ ಒಂದು ಹಸಿರು ಕಂಬ ಏರುತ್ತಾ ಇಳಿಯುತ್ತಾ ಇರುತ್ತದೆ. ಏರಿ ಏರಿ ಸೊನ್ನೆ ಎಂಬ ಗೆರೆಯನ್ನು ಮುಟ್ಟಿದರೆ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಅಲ್ಲಿಂದಾಚೆಗೆ ದನಿಗೆ ಜಾಗವಿಲ್ಲ, ಕರಕರ ಎಂದು ಒಡೆಯುತ್ತದೆ. ಇಪ್ಪತ್ತೆಂಟು ವರ್ಷದಿಂದ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಅವನ ಹೊಟ್ಟೆಪಾಡು ಇಷ್ಟೇ: ಯಾರನ್ನು ಎಷ್ಟು ಏರಿಸಬೇಕು, ಯಾರನ್ನು ಎಷ್ಟು ಇಳಿಸಬೇಕು, ಆದರೂ ಒಟ್ಟಿನಲ್ಲಿ ಕೆಂಪು ದೀಪ ಹತ್ತಬಾರದು. ಮನೆಯಲ್ಲಿ ಈ ಕೆಲಸ ಅವನ ಕೈಯಲ್ಲಿ ಒಂದು ದಿನವೂ ಆಗಿರಲಿಲ್ಲ. ಇವತ್ತು ಸ್ಟುಡಿಯೋದಲ್ಲಿ ಮಾತ್ರ ಐದನೇ ಟ್ರ್ಯಾಕನ್ನು ಮೂರು ಅಂಕ ಏರಿಸಿದ, ಕಂಬ ಜಗ್ಗಲಿಲ್ಲ. ಇನ್ನು ಮೂರು ಏರಿಸಿದ. ಆಗಲೂ ಜಗ್ಗಲಿಲ್ಲ. ಕಣ್ಣು ಮುಚ್ಚಿ ಕೇಳಿದ. ಹಾಡಿನ ಅಡಿಯಲ್ಲೆಲ್ಲೋ ಒಂದು ಬಿಸುಪು ಬಂದಂತೆ, ಇಷ್ಟು ಹೊತ್ತು ತೆಳ್ಳಗಿದ್ದದ್ದು ಈಗ ತುಂಬಿಕೊಂಡಂತೆ ಅನ್ನಿಸಿತು. ಆಹಾ, ಅಕ್ಕನ ದನಿ ಎಂದರೆ ಇದು ಎಂದುಕೊಂಡ. ಧಾರಾಳವಾಗಿ ಇನ್ನೊಂದೆರಡು ಏರಿಸಿದ.

ಐದನೇ ಟ್ರ್ಯಾಕು ಅವನ ಅಕ್ಕನದು. ಅವನಿಗಿಂತ ಎಂಟು ವರ್ಷ ದೊಡ್ಡವಳು, ಈಗ ಅರವತ್ತೊಂದು. ಹೆಂಗಸರ ಹಾಡಿನ ಸಂಘದಲ್ಲಿ ಅವಳು ಸದಸ್ಯೆ ಎಂದರೆ ಸದಸ್ಯೆ. ಕುರ್ಚಿ ಜೋಡಿಸುವುದು, ಹಾಡಿನ ಹಾಳೆಗಳನ್ನು ಜೆರಾಕ್ಸ್ ಮಾಡಿಸುವುದು, ಚಹಾ ತಣ್ಣಗಾಗದಂತೆ ನೋಡಿಕೊಳ್ಳುವುದು, ಉಳಿದ ಹೊತ್ತಿನಲ್ಲಿ ಹಾಡುವುದು. ಎರಡು ವರ್ಷದ ಹಿಂದೆ ಇದೇ ಸಂಘದ ಇನ್ನೊಂದು ಹಾಡನ್ನು ಇದೇ ಕುರ್ಚಿಯಲ್ಲಿ ಕೂತು ಇವನೇ ಹದ ಮಾಡಿದ್ದ. ಅದನ್ನು ಅಕ್ಕ ತನ್ನ ಮಗಳ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಕೇಳಿಸಿದಾಗ ಇವನೂ ಸೋಫಾದ ತುದಿಯಲ್ಲಿ ಕೂತಿದ್ದ. ಹಾಡು ಮುಗಿದ ಮೇಲೆ ಮೊಮ್ಮಗಳು, "ಅಜ್ಜಿ, ಇದರಲ್ಲಿ ನೀನೆಲ್ಲಿದೀಯ?" ಎಂದು ಕೇಳಿತು. "ಹಿಂದೆ ಇದೀನಿ ಪುಟ್ಟಿ, ಎಲ್ರ ಹಿಂದೆ," ಎಂದು ಅಕ್ಕ ನಕ್ಕಿದ್ದಳು. ಎಲ್ಲರೂ ನಕ್ಕರು, ಇವನೂ ನಕ್ಕ. ಅವಳು ಹಿಂದೆ ಇದ್ದದ್ದು ಯಾಕೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಇವನೊಬ್ಬನಿಗೆ. ಸಂಘದ ಅಧ್ಯಕ್ಷೆ ಫೋನು ಮಾಡಿ ತಮ್ಮ ದನಿ ಏರಿಸಲು ಕೇಳಿದ್ದರು, ಏರಿಸಿದ್ದ. ಹಲ್ಲಿನ ಡಾಕ್ಟರಮ್ಮನೂ ಫೋನಿನಲ್ಲೇ ಕೇಳಿದ್ದರು, ಏರಿಸಿದ್ದ. ಮಾಸ್ಟರ್ ಕೆಂಪಗಾಯಿತು. ಯಾರನ್ನಾದರೂ ಇಳಿಸಲೇಬೇಕಿತ್ತು. ಇಳಿಸಿದರೆ ಬಂದು ಕೇಳದವರು ಒಬ್ಬರೇ ಇದ್ದರು. ಈ ಸಲ ಹಾಗಾಗಬಾರದು ಎಂದು ಅವನು ಗಟ್ಟಿ ಮನಸ್ಸು ಮಾಡಿದ್ದ. ಇವತ್ತು ಸಂಜೆ ಐದಕ್ಕೆ ಹಾಡು ಗ್ರಂಥಾಲಯದ ಹೊಸ ಸಭಾಂಗಣಕ್ಕೆ ತಲುಪಬೇಕು. ನಾಳೆ ಬೆಳಿಗ್ಗೆ ಅಲ್ಲಿ ಅದನ್ನು ಹಾಕುತ್ತಾರೆ, ಮೊಮ್ಮಗಳು ಮುಂದಿನ ಸಾಲಿನಲ್ಲಿ ಕೂತಿರುತ್ತದೆ. ಅಜ್ಜಿ ಎಲ್ಲಿ ಎಂದು ಅದು ಮತ್ತೆ ಕೇಳುವಂತಾಗಬಾರದು. ಈ ಗಟ್ಟಿ ಮನಸ್ಸಿನ ಬಗ್ಗೆ ಅವನು ಅಕ್ಕನಿಗೆ ಏನೂ ಹೇಳಿರಲಿಲ್ಲ. ಹೇಳಿದರೆ ಹೋದ ಸಲದ್ದೂ ಹೇಳಬೇಕಾಗುತ್ತಿತ್ತು.

ಬೆಳಿಗ್ಗೆ ಕೂತಾಗ ಹಾಡಿನ ನಡುವೆ ಒಂದು ಟಿಕ್ ಟಿಕ್ ಸದ್ದು ಇತ್ತು. ಕೋಣೆ ಚಿಕ್ಕದಾದ್ದರಿಂದ ಐವರನ್ನೂ ಬೇರೆ ಬೇರೆ ದಿನ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಹಾಡಿಸಿದ್ದ. ಸದ್ದು ಯಾರ ಟ್ರ್ಯಾಕಿನದು ಎಂದು ಹುಡುಕಲು ಒಬ್ಬೊಬ್ಬರ ಬಾಯಿ ಮುಚ್ಚಿಸಿ ಕೇಳುತ್ತಾ ಹೋದ. ದನಿ ಏರಿಸಲು ಇಳಿಸಲು ಬೆರಳಲ್ಲಿ ಜಾರಿಸುವ ಪ್ರತಿ ಫೇಡರಿನ ತಲೆಯ ಮೇಲೂ ಮ್ಯೂಟ್ ಎಂಬ ಗುಂಡಿಯಿದೆ, ಒತ್ತಿದರೆ ಕಿತ್ತಲೆ ಬಣ್ಣದ ಪುಟ್ಟ ದೀಪ ಹತ್ತಿ ಆ ದನಿ ಪೂರ್ತಿ ನಿಂತುಹೋಗುತ್ತದೆ. ಅಧ್ಯಕ್ಷೆಯನ್ನು ಮುಚ್ಚಿದ, ಟಿಕ್ ಟಿಕ್ ಹಾಗೇ ಇತ್ತು, ಮತ್ತೆ ತೆರೆದ. ಸಂಘದಲ್ಲಿ ಜೊತೆಗೇ ಹಾಡುವ ಓರಗಿತ್ತಿಯರಿಬ್ಬರನ್ನೂ ಮುಚ್ಚಿ ತೆರೆದ. ಡಾಕ್ಟರಮ್ಮನನ್ನು ಮುಚ್ಚಿದಾಗ ಸದ್ದು ಹೋಯಿತು. ಅವರ ಕನ್ನಡಕದ ಸರಪಳಿ ಕೋಟಿನ ಗುಂಡಿಗೆ ಬಡಿಯುತ್ತಿತ್ತು. ಕಳ್ಳ ಸಿಕ್ಕ ಮೇಲೂ ನಿಯಮ ನಿಯಮವೇ ಎಂದು ಐದನೆಯದನ್ನೂ ಒತ್ತಿದ. ಒತ್ತಿದ್ದೇ ತಡ ಫೋನು ಬಂತು. ಹೆಂಡತಿ, "ಬಾತ್‌ರೂಮಿನ ಬಲ್ಬು ಹೋಗಿ ಇವತ್ತಿಗೆ ನಾಲ್ಕು ದಿನ. ದಿನಾ ತರ್ತೀನಿ ತರ್ತೀನಿ ಅಂತೀರಿ. ಇದೇ ಕೊನೇ ಸಲ ಹೇಳ್ತಿರೋದು," ಎಂದಳು. "ಹೂಂ," ಎಂದ. "ಹೂಂ ಅಂದ್ರೆ ಬರ್ಕೊಳ್ಳಿ." ಅಂಟುವ ಹಳದಿ ಚೀಟಿಯ ಮೇಲೆ ಬಾತ್‌ರೂಂ ಬಲ್ಬು ಎಂದು ಬರೆದು, ಮರೆಯಬಾರದೆಂದು ಕಣ್ಣೆದುರಿಗೇ, ಫೇಡರುಗಳಿರುವ ಮಿಕ್ಸರಿನ ಮೇಲೇ ಅಂಟಿಸಿದ. ಆಮೇಲೆ ಡಾಕ್ಟರಮ್ಮನ ಸರಪಳಿಯನ್ನು ಒಂದೊಂದೇ ಟಿಕ್ಕಾಗಿ ಕತ್ತರಿಸಿ ತೆಗೆಯುವುದರಲ್ಲಿ ಊಟದ ಹೊತ್ತಾಯಿತು.

ಊಟ ಮಾಡಿ ಬಂದ ಮೇಲಿನ ಕೆಲಸವೇ ಅವನಿಗೆ ಇಷ್ಟು ಸಲೀಸಾಗಿ ಬಂದದ್ದು. ಅವನಿಗೆ ಕೆಲಸ ಕಲಿಸಿದ ಹಳೆಯ ಎಂಜಿನಿಯರ್, ನಶ್ಯ ಏರಿಸುತ್ತಿದ್ದ ಮುದುಕ, ಎರಡೇ ಪಾಠ ಹೇಳಿದ್ದ. ಒಂದು: ಕೆಂಪು ದೀಪ ಹತ್ತಿದಾಗ ಮಾಸ್ಟರನ್ನು ಇಳಿಸಿ ಕೈ ತೊಳೆದುಕೊಳ್ಳಬೇಡ, ಒಳಗೆ ಯಾರು ಮಿತಿಮೀರಿ ಕೂಗುತ್ತಿದ್ದಾರೋ ಅವರನ್ನು ಹುಡುಕಿ ಇಳಿಸು. ಎರಡು: ಕೊನೆಯ ಫೇಡರಿಗೆ ಯಾವ ಟ್ರ್ಯಾಕನ್ನೂ ಸೇರಿಸಬೇಡ, ಅದು ಗಿರಾಕಿಗಳಿಗೆ. "ನಂದು ಸ್ವಲ್ಪ ಜಾಸ್ತಿ ಮಾಡಿ ಅಂತ ಬರ್ತಾರಲ್ಲ, ನೀವೇ ಮಾಡ್ಕೊಳ್ಳಿ ಸ್ವಾಮಿ ಅಂತ ಅದನ್ನ ತೋರ್ಸು. ಎಳೀತಾರೆ, ಆಹಾ ಈಗ ಸರಿಯಾಯ್ತು ಅಂತಾರೆ, ಹೋಗ್ತಾರೆ." ಮೊದಲ ಪಾಠವನ್ನು ಅವನು ತನಗೆ ಅನುಕೂಲವಾದಾಗ ಪಾಲಿಸಿದ. ಎರಡನೆಯದನ್ನು ಒಂದು ದಿನವೂ ತಪ್ಪಿಸಲಿಲ್ಲ. ಮಿಕ್ಸರು ಬದಲಾಗಿ ಕಂಪ್ಯೂಟರಿಗೆ ಅಂಟಿಕೊಂಡ ಈಗಿನ ಹದಿನಾರು ಫೇಡರಿನ ಪೆಟ್ಟಿಗೆ ಬಂದಾಗಲೂ ಹದಿನಾರನೆಯದನ್ನು ಖಾಲಿ ಬಿಟ್ಟು, ಅದರ ಮೇಲೆ ಮಾತ್ರ ಒಂದು ಚಂದದ ಬಿಳಿ ಪಟ್ಟಿ ಅಂಟಿಸಿ 'ಫೈನಲ್' ಎಂದು ಬರೆದಿಟ್ಟಿದ್ದ. ಗಾಯಕರು, ಭಾಷಣಕಾರರು, ಔಷಧಿ ಕಂಪನಿಯ ಜಾಹೀರಾತಿನವರು, ಎಲ್ಲರೂ ಅದನ್ನು ಎಳೆದು ಸಮಾಧಾನಗೊಂಡಿದ್ದರು. ಒಬ್ಬರೂ, ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರೇ ಒಬ್ಬರೂ, ಏನೂ ಆಗಲಿಲ್ಲವಲ್ಲ ಎಂದಿರಲಿಲ್ಲ. ಮನುಷ್ಯನ ಕಿವಿಯ ಬಗ್ಗೆ ಅವನಿಗೆ ಇದರಿಂದ ಒಂದು ಬಗೆಯ ತಿರಸ್ಕಾರ ಬೆಳೆದಿತ್ತು, ತನ್ನದೊಂದು ಜೊತೆಯನ್ನು ಬಿಟ್ಟು.

ತನ್ನ ಕಿವಿ ಬೇರೆ ಎಂದು ಅವನು ನಂಬಿದ್ದಕ್ಕೆ ಕಾರಣವಿಲ್ಲದಿರಲಿಲ್ಲ. ಅಪ್ಪನದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ. ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆ ತುಂಬಾ ಆ ನಿದ್ದೆ. ಇನ್ನೊಂದರಲ್ಲಿ ಅಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಓಡಾಡುತ್ತಿದ್ದಳು. ಹದಿನಾಲ್ಕು ವರ್ಷದ ಅಕ್ಕ ಪಾತ್ರೆ ಒರೆಸುತ್ತಾ ಹಾಡುತ್ತಿದ್ದಳು, ಪಾತ್ರೆಗೂ ಕೇಳಿಸದಷ್ಟು ಮೆಲ್ಲಗೆ. ಪಕ್ಕದಲ್ಲಿ ಲೆಕ್ಕ ಮಾಡುತ್ತಾ ಕೂತ ಆರು ವರ್ಷದ ತಮ್ಮ ಅದನ್ನು ಕೇಳಬೇಕಾದರೆ ಉಸಿರು ಹಿಡಿಯಬೇಕಿತ್ತು. ಅವನ ಅಗಲ ಕಿವಿ ನೋಡಿ ಅವಳು ಅವನನ್ನು ಮೊಲ ಎನ್ನುತ್ತಿದ್ದಳು. ಒಮ್ಮೆ, ಒಂದೇ ಒಂದು ಸಲ, ಯಾವುದೋ ಎತ್ತರದ ಸಾಲಿನಲ್ಲಿ ಮೈಮರೆತು ದನಿ ಬಿಟ್ಟುಬಿಟ್ಟಿದ್ದಳು. ಬಾಗಿಲು ತೆರೆದು ಅಪ್ಪ ಬಂದು ನಿಂತಿದ್ದರು. ಬೈಯಲಿಲ್ಲ, ಹೊಡೆಯಲಿಲ್ಲ, ನಿದ್ದೆಗೆಟ್ಟ ಕೆಂಪು ಕಣ್ಣಿನಿಂದ ನೋಡುತ್ತಾ ನಿಂತರು, ಅಷ್ಟೇ. ಅಕ್ಕ ಬಾಯಿಯ ಮೇಲೆ ಕೈ ಮುಚ್ಚಿಕೊಂಡು ನಕ್ಕಳು. ಯಾರು ಹಾಡಿದ್ದು ಎಂದು ಅಪ್ಪ ಕೇಳಿದಾಗ, "ಅಕ್ಕ," ಎಂದು ಬೆರಳು ತೋರಿಸಿದವನು ಇವನು. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಆದರೂ ನಲವತ್ತೇಳು ವರ್ಷದ ಮೇಲೆ, ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಅಕ್ಕನನ್ನು ನಿಲ್ಲಿಸಿ, "ಸ್ವಲ್ಪ ಜೋರಾಗಿ ಹಾಡು ಅಕ್ಕ," ಎಂದು ಹೇಳುವಾಗ ಅವನು ಯಾಕೋ ಅವಳ ಮುಖ ನೋಡದೆ ಮೈಕಿನ ಎತ್ತರ ಸರಿಮಾಡುತ್ತಿದ್ದ. ಅವಳು ಹಾಡಿದ್ದು ಮೆಲ್ಲಗೇ. ಪರವಾಗಿಲ್ಲ, ಏರಿಸಿಕೊಳ್ಳುತ್ತೇನೆ ಎಂದುಕೊಂಡಿದ್ದ. ಏರಿಸಲಿಕ್ಕೆ ತಾನೇ ಇರುವುದು ಇಷ್ಟೆಲ್ಲ ಯಂತ್ರ.

ಮೂರೂವರೆಗೆ ಅವರು ಬಂದರು. ಅಧ್ಯಕ್ಷೆ ಮುಂದೆ, ಡಾಕ್ಟರಮ್ಮ, ಅವರ ಹಿಂದೆ ಓರಗಿತ್ತಿಯರು, ಕೊನೆಯಲ್ಲಿ ಎಲ್ಲರ ಛತ್ರಿಗಳನ್ನೂ ಹಿಡಿದುಕೊಂಡು ಅಕ್ಕ. ಕುರ್ಚಿ ನಾಲ್ಕೇ ಇದ್ದದ್ದರಿಂದ ಅವಳು ಗೋಡೆಗೆ ಆತುಕೊಂಡು ನಿಂತಳು. ಕೂರು ಎಂದು ತನ್ನ ಕುರ್ಚಿ ಬಿಟ್ಟುಕೊಡಲು ಅವನು ಅರ್ಧ ಎದ್ದ. "ನೀನು ಕೂತ್ಕೊಳ್ಳೋ ಮೊಲ, ಕೆಲಸ ಮಾಡೋನು ನೀನು," ಎಂದಳು. ಡಾಕ್ಟರಮ್ಮ ಮೊಲ ಎಂಬ ಮಾತು ಕೇಳಿ ಅವನ ಕಿವಿ ನೋಡಿದರು. ಅವನು ಅರ್ಧದಿಂದಲೇ ಕೂತು ಹಾಡು ಹಾಕಿದ. ಮುಗಿಯುವವರೆಗೆ ಒಬ್ಬರೂ ಒಟ್ಟು ಹಾಡನ್ನು ಕೇಳಲಿಲ್ಲ. ಪ್ರತಿಯೊಬ್ಬರೂ ತಮ್ಮನ್ನು ಹುಡುಕಿಕೊಳ್ಳುತ್ತಿದ್ದದ್ದು ಅವರ ಮುಖದಲ್ಲೇ ಕಾಣುತ್ತಿತ್ತು.

"ತುಂಬಾ ಚೆನ್ನಾಗಿದೆ," ಎಂದರು ಅಧ್ಯಕ್ಷೆ. ಅವನು ಕಾದ. "ಆದ್ರೆ ನೋಡಿ, ಹಾಡು ಶುರುವಾಗೋ ಎತ್ತುಗಡೆ ಸಾಲು ನಂದಲ್ವಾ. ನಂಗೋಸ್ಕರ ಹೇಳ್ತಿಲ್ಲ, ಹಾಡಿಗೋಸ್ಕರ. ನಂದು ಒಂಚೂರು ಜಾಸ್ತಿ ಆಗ್ಬೇಕು." ಅವನು ವಿನಯದಿಂದ ಹದಿನಾರನೆಯದನ್ನು ತೋರಿಸಿದ. ನೀವೇ ಮಾಡ್ಕೊಳ್ಳಿ ಮೇಡಂ, ನಿಮ್ಮ ಕಿವಿ ಮುಂದೆ ನಮ್ಮದೇನು ಎಂದ. ಹಾಡು ಮತ್ತೆ ಓಡಿತು. ಅಧ್ಯಕ್ಷೆ ತುಟಿ ಬಿಗಿಹಿಡಿದು ಫೇಡರನ್ನು ಕೂದಲೆಳೆಯಷ್ಟು ಏರಿಸಿ, ತಡೆದು, ಇನ್ನೊಂದು ಕೂದಲೆಳೆ ಏರಿಸಿ, "ಹಾಂ! ಬಂತು," ಎಂದರು. ಡಾಕ್ಟರಮ್ಮನಿಗೆ ತಮ್ಮ ದನಿ ಜಾಸ್ತಿ ಬೇಡ, ಸ್ವಲ್ಪ ಹೊಳಪು ಬೇಕಂತೆ. ಅದೂ ಹದಿನಾರನೆಯದರಲ್ಲೇ ಸಿಕ್ಕಿತು. ಓರಗಿತ್ತಿಯರಲ್ಲಿ ಹಿರಿಯವಳು ಎಳೆದಷ್ಟೇ ಕಿರಿಯವಳೂ ಎಳೆದು, "ಅಕ್ಕಾ, ನಿಮ್ಮದಕ್ಕಿಂತ ನಂದು ಕಮ್ಮೀನೇ ಇಟ್ಟಿದೀನಿ, ನೋಡಿ ಬೇಕಾದ್ರೆ," ಎಂದಳು. ಹಿರಿಯವಳು ಪಕ್ಕಕ್ಕೆ ಬಗ್ಗಿ ನಿಜವಾಗಿಯೂ ನೋಡಿದಳು. ಇಷ್ಟಾಗುವಾಗ ಅವನು ನಗು ತಡೆಯಲು ಬಾಯಿಯ ಒಳಗಡೆ ಕೆನ್ನೆ ಕಚ್ಚಿಕೊಂಡು ಕೂತಿದ್ದ. ಮಾಸ್ಟರಿನ ಹಸಿರು ಕಂಬ, ತನಗೂ ಇವರಿಗೂ ಸಂಬಂಧವಿಲ್ಲವೆಂಬಂತೆ, ತನ್ನಷ್ಟಕ್ಕೆ ತಾನು ಏರಿಳಿಯುತ್ತಿತ್ತು.

"ನೀವೂ ಏನಾದ್ರೂ ಹೇಳಿ," ಎಂದು ಅಧ್ಯಕ್ಷೆ ಗೋಡೆಯ ಕಡೆ ತಿರುಗಿದರು. ಅಕ್ಕ ಛತ್ರಿಗಳನ್ನು ಮೂಲೆಗಿಟ್ಟು ಮುಂದೆ ಬಂದಳು. ಅವಳಿಗೆ ಅವನು ಹದಿನಾರನೆಯದನ್ನು ತೋರಿಸಬೇಕೆಂದಿರಲಿಲ್ಲ. ಆದರೆ ಉಳಿದವರೆಲ್ಲ ಎಳೆದದ್ದನ್ನು ನೋಡಿದ್ದ ಅವಳು ತಾನಾಗಿಯೇ ಅದರ ಮೇಲೆ ಬೆರಳಿಟ್ಟಳು. "ನಂದು ಸ್ವಲ್ಪ ಜಾಸ್ತಿ ಕೇಳ್ತಿದೆ ಕಣೋ. ನಡುವೆ ನಡುವೆ ಎದ್ದು ಕಾಣುತ್ತೆ. ಇವರದ್ದೆಲ್ಲ ಮುಚ್ಚಿಹೋಗುತ್ತೆ." ಅವನಿಗೆ ಒಳಗೊಳಗೇ ಹಿಗ್ಗಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಕಮ್ಮಿ ಮಾಡಿ ಎಂದವರು ಇವಳೊಬ್ಬಳೇ. ಅಂದರೆ ಮಧ್ಯಾಹ್ನ ತಾನು ಏರಿಸಿದ್ದು ಅವಳಿಗೆ ಕೇಳಿಸಿದೆ. ಇವರಾರಿಗೂ ಇಲ್ಲದ ಕಿವಿ ತಮ್ಮಿಬ್ಬರಿಗೆ ಇದೆ, ಅದು ಆ ಎರಡು ಕೋಣೆಯ ಮನೆಯಿಂದ ಬಂದದ್ದು ಎಂದೆಲ್ಲ ಆ ಎರಡು ಕ್ಷಣದಲ್ಲಿ ಅವನಿಗೆ ಅನ್ನಿಸಿತು. ಅಕ್ಕ ಫೇಡರನ್ನು ಮೆಲ್ಲಗೆ ಕೆಳಗೆ ಎಳೆದಳು. ತಲೆ ಓರೆ ಮಾಡಿ ಕೇಳಿದಳು. "ಹಾಂ, ಈಗ ಸರಿಯಾಯ್ತು," ಎಂದಳು. ಎಳೆಯಲಿ, ತನ್ನ ಕೈ ಇರುವವರೆಗೆ ಅವಳು ಇಳಿಯುವುದಿಲ್ಲ ಎಂದು ಅವನು ನಸುನಕ್ಕ. ಹಾಡು ಮುಗಿಯಿತು, ಎಲ್ಲರೂ ಏಳತೊಡಗಿದರು. ಅಕ್ಕನ ಕಣ್ಣಿಗೆ ಹಳದಿ ಚೀಟಿ ಬಿತ್ತು. "ಇದೇನೋ ಇದು, ಬಾತ್‌ರೂಂ ಬಲ್ಬು? ಇನ್ನೂ ತಂದಿಲ್ವಾ? ಪಾಪ ಅವಳು ಕತ್ತಲಲ್ಲಿ..." ಎನ್ನುತ್ತಾ, ದೊಡ್ಡವರು ಚಿಕ್ಕವರ ಅಂಗಿಯ ಮೇಲಿನ ನೂಲು ತೆಗೆಯುವ ಹಾಗೆ, ಅದನ್ನು ಕಿತ್ತು ತೆಗೆದಳು.

ಚೀಟಿಯ ಕೆಳಗೆ ಕಿತ್ತಲೆ ಬಣ್ಣದ ದೀಪ ಉರಿಯುತ್ತಿತ್ತು. ಐದನೆಯದು.

ಅವನು ಅದನ್ನು ನೋಡಿದ. ಯಾವ ಗುಂಡಿ, ಯಾವ ದೀಪ, ಯಾವ ಹೊತ್ತಿನಿಂದ ಎಂದು ತಲೆ ತನ್ನಷ್ಟಕ್ಕೆ ಲೆಕ್ಕ ಹಾಕಿತು. ಬೆಳಿಗ್ಗೆ ಹೆಂಡತಿಯ ಫೋನು ಬಂದ ಹೊತ್ತಿನಿಂದ ಅಕ್ಕ ಈ ಹಾಡಿನಲ್ಲಿ ಇರಲೇ ಇಲ್ಲ. ಅವಳಿಲ್ಲದ ಹಾಡನ್ನು ಕೇಳಿ ಅಧ್ಯಕ್ಷೆಗೆ ಸಂತೋಷವಾಗಿತ್ತು, ಡಾಕ್ಟರಮ್ಮನಿಗೆ ಹೊಳಪು ಬಂದಿತ್ತು. ಅದು ಹೋಗಲಿ, ಅವರು ಗಿರಾಕಿಗಳು. ಅವಳಿಲ್ಲದ ಜಾಗದಲ್ಲಿ ಎಂಟು ಅಂಕ ಏರಿಸಿ, ಕಣ್ಣು ಮುಚ್ಚಿ, ಆಹಾ ಎಂದು ತಲೆದೂಗಿದ್ದು ತಾನು. ಎಲ್ಲಕ್ಕಿಂತ ಮೇಲೆ ಅಕ್ಕ. ಇಲ್ಲದ ತನ್ನ ದನಿ ಎದ್ದು ಕಾಣುತ್ತಿದೆ ಎಂದು ಅವಳು ಇಳಿಸಿದ್ದಳು, ಇಳಿಸಿ ಸಮಾಧಾನಪಟ್ಟಿದ್ದಳು. ಅವಳನ್ನು ಪೂರ್ತಿ ಅಳಿಸಿದರೂ ಅವಳಿಗೆ ತನ್ನ ದನಿ ಜಾಸ್ತಿಯೇ ಕೇಳಿಸುತ್ತದೆ. ಅವನಿಗೆ ಅಳು ಬಂತು, ಬಾಯಲ್ಲಿ ಮಾತ್ರ, "ಹೂಂ, ಬಲ್ಬು ತರ್ಬೇಕು," ಎಂದ.

ಮುಂದೇನು ಮಾಡಬೇಕೆಂದು ಅವನ ಕೈಗೆ ಚೆನ್ನಾಗಿ ಗೊತ್ತಿತ್ತು. ಇವರೆಲ್ಲ ಹೋಗಲಿ. ಆಮೇಲೆ ಮ್ಯೂಟ್ ತೆಗೆದು, ಅಕ್ಕನನ್ನು ಯಾರಿಗೂ ಗೊತ್ತಾಗದಷ್ಟು ಕೆಳಗೆ ತಂದು, ನಾಲ್ವರು ಒಪ್ಪಿದ ಹಾಡಿನ ಅಡಿಗೆ ಸೇರಿಸಿಬಿಟ್ಟರಾಯಿತು. ಟ್ರ್ಯಾಕಿನಲ್ಲಿ ಇದ್ದ ಹಾಗೂ ಆಯಿತು, ಯಾರಿಗೂ ತೊಂದರೆಯೂ ಆಗಲಿಲ್ಲ. ನಾಳೆ ಮೊಮ್ಮಗಳು ಕೇಳಿದರೆ ಹಿಂದೆ ಇದೀನಿ ಪುಟ್ಟಿ ಎಂದು ಅವಳು ಹೇಗೂ ಹೇಳುತ್ತಾಳೆ, ಎಲ್ಲರೂ ಹೇಗೂ ನಗುತ್ತಾರೆ. ಅಧ್ಯಕ್ಷೆ ಬಾಗಿಲ ಹಿಡಿಕೆಗೆ ಕೈ ಹಾಕಿದರು. ಅಕ್ಕ ಛತ್ರಿಗಳ ಕಡೆ ಹೊರಟಳು. ನಾಲ್ಕು ಛತ್ರಿ ಎಡಗೈಗೆ, ತನ್ನದು ಬಲಗೈಗೆ.

"ಇನ್ನೊಂದ್ಸಲ ಕೇಳಿಬಿಡೋಣ," ಎಂದ. ಅವನ ದನಿ ಅವನಿಗೇ ಜೋರಾಯಿತು. ಕಿತ್ತಲೆ ದೀಪ ಆರಿಸಿ ಹಾಡು ಹಾಕಿದ.

ಧಾರಾಳವಾಗಿ ಏರಿಸಿದ್ದು ಧಾರಾಳವಾಗಿಯೇ ಬಂತು. ನಾಲ್ವರ ತಲೆಯ ಮೇಲಿಂದ ಒಂದು ದನಿ ಎದ್ದು ಕೋಣೆ ತುಂಬಿತು. ಮೈಕಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಹಾಡಿದ್ದು ಇಷ್ಟು ದೊಡ್ಡದಾದಾಗ, ಅದರ ಉಸಿರು, ಅದರ ಸಣ್ಣ ನಡುಕ, ಸಾಲಿನ ತುದಿಯಲ್ಲಿ ಅದು ತಡೆದು ಮುಂದೆ ಹೋಗುವ ರೀತಿ ಎಲ್ಲವೂ ಕೇಳುತ್ತಿತ್ತು. ಪಾತ್ರೆ ಒರೆಸುತ್ತಿದ್ದ ದನಿ. ಅವನಿಗೆ ಉಸಿರು ಹಿಡಿಯಬೇಕಾಗಿರಲಿಲ್ಲ, ಆದರೂ ಹಿಡಿದ. ಹಸಿರು ಕಂಬ ಒಂದೇ ನೆಗೆತಕ್ಕೆ ಸೊನ್ನೆ ಮುಟ್ಟಿ ಮಾಸ್ಟರಿನ ಕೆಂಪು ದೀಪ ಹತ್ತಿಕೊಂಡಿತು, ಎತ್ತರದ ಸಾಲಿನಲ್ಲಿ ಕರಕರ ಎಂದಿತು.

"ಇದ್ಯಾರು?" ಎಂದರು ಅಧ್ಯಕ್ಷೆ. "ಹೊರಗಿನೋರು ಯಾರದೋ ಸೇರ್ಕೊಂಡಿದೆಯಲ್ರೀ!"

ಅಕ್ಕ ಛತ್ರಿ ಹಿಡಿದುಕೊಂಡೇ ಹತ್ತಿರ ಬಂದು ಕಿವಿಗೊಟ್ಟು ಕೇಳಿದಳು. "ಯಾರೋ ಏನೋ. ಹಾಡೋದು ಚೆನ್ನಾಗಿ ಹಾಡ್ತಾರೆ, ಪಾಪ. ಆದ್ರೆ ತುಂಬಾ ಮುಂದೆ ಬಂದ್ಬಿಟ್ಟಿದಾರೆ ಕಣೋ. ಸ್ವಲ್ಪ ಹಿಂದಕ್ಕೆ ಕಳ್ಸು ಅವರನ್ನ."

"ಅದು ನೀನೇ ಅಕ್ಕ."

ಅವಳು ನಂಬಲಿಲ್ಲ. ಪರದೆಯ ಮೇಲೆ ಅವಳ ಹೆಸರಿನ ಪಟ್ಟಿಯನ್ನು ತೋರಿಸಿದ. ಓದಿದಳು. ಆಮೇಲೆ ಅವಳ ಕೈ ಬಾಯಿಗೆ ಹೋಯಿತು, ನಕ್ಕಳು, ನಗುತ್ತಾ ನಗುತ್ತಾ ಗಾಬರಿಯಿಂದ ಬಾಗಿಲ ಕಡೆ ನೋಡಿದಳು, ಯಾರಾದರೂ ಎದ್ದು ಬಂದು ನಿಂತಿದ್ದಾರೇನೋ ಎಂಬಂತೆ. ಛತ್ರಿಗಳು ಜಾರಿ ನೆಲಕ್ಕೆ ಬಿದ್ದವು. "ಅಯ್ಯೋ ಇಳ್ಸೋ, ಇಳ್ಸೋ ಮೊದ್ಲು," ಎನ್ನುತ್ತಾ ತಾನೇ ಹದಿನಾರನೆಯದನ್ನು ಹಿಡಿದು ಕೆಳಗೆ ಎಳೆದಳು. ಅರ್ಧಕ್ಕೆ ಎಳೆದಳು. ತುದಿಯವರೆಗೆ ಎಳೆದಳು. ಹಾಡು ಎರಡನೇ ಚರಣಕ್ಕೆ ಹೋಗಿತ್ತು. ದನಿ ಇದ್ದಲ್ಲೇ ಇತ್ತು.

"ಕಮ್ಮಿ ಆಗ್ತಾನೇ ಇಲ್ವಲ್ಲೋ ಮೊಲ."

"ಆಗಲ್ಲ," ಎಂದ. "ಅದಕ್ಕೆ ಏನೂ ಸೇರ್ಸಿಲ್ಲ ಅಕ್ಕ. ಯಾವತ್ತೂ ಸೇರ್ಸಿರ್ಲಿಲ್ಲ."

ಹಿಂದೆ ಅಧ್ಯಕ್ಷೆಯ ಉಸಿರಾಟ ಬದಲಾದದ್ದು ಅವನಿಗೆ ಕೇಳಿಸಿತು. "ಹಾಗಾದ್ರೆ ನಾವು ಎಳೆದಿದ್ದು?" ಎಂದರು. ಓರಗಿತ್ತಿಯರು ಮೊದಲ ಬಾರಿಗೆ ಒಬ್ಬರನ್ನೊಬ್ಬರು ಸ್ನೇಹದಿಂದ ನೋಡಿಕೊಂಡರು. ಇಪ್ಪತ್ತೆಂಟು ವರ್ಷದ ಗುಟ್ಟು ಒಂದು ಹಳದಿ ಚೀಟಿಯ ಜೊತೆ ಕಿತ್ತುಬಂದಿತ್ತು. ನಾಳೆಯಿಂದ ಈ ಸಂಘ ಈ ಮೆಟ್ಟಿಲು ಹತ್ತುವುದಿಲ್ಲ, ಇವರು ಹೇಳಿದವರೂ ಹತ್ತುವುದಿಲ್ಲ. ಇದೆಲ್ಲ ಗೊತ್ತಾಗುತ್ತಿದ್ದರೂ ಅವನ ಕೈ ಮುದುಕನ ಮೊದಲ ಪಾಠವನ್ನು ಮಾಡುತ್ತಿತ್ತು. ಮಾಸ್ಟರನ್ನು ಮುಟ್ಟಲಿಲ್ಲ. ಮೊದಲನೆಯದು, ಎರಡನೆಯದು, ಮೂರನೆಯದು, ನಾಲ್ಕನೆಯದು, ನಾಲ್ಕು ಬೆರಳಿಗೆ ನಾಲ್ಕು, ಅವರೆಲ್ಲರ ಕಣ್ಣೆದುರಿಗೇ ಮೆಲ್ಲಗೆ ಕೆಳಗೆ ತಂದ. ಐದನೆಯದನ್ನು ಎಷ್ಟು ಬೇಕೋ ಅಷ್ಟು, ದನಿ ಒಡೆಯದಷ್ಟು ಮಾತ್ರ ಇಳಿಸಿದ. ಕೆಂಪು ದೀಪ ಆರಿತು. ಅಧ್ಯಕ್ಷೆ ಅವನ ಕೈಯನ್ನೇ ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದರು, ಆದರೆ ಅಷ್ಟರಲ್ಲಿ ಎತ್ತರದ ಸಾಲು ಬಂತು, ಅವರೂ ಕಿವಿಗೊಟ್ಟರು.

ಹಾಡು ಮುಗಿದಾಗ ನಾಲ್ಕೂ ಹತ್ತು. ಅಕ್ಕ ಇನ್ನೂ ಹದಿನಾರನೆಯದರ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದಳು. ಇನ್ನೊಂದು ಕೈಯಲ್ಲಿ ಬಲ್ಬಿನ ಚೀಟಿ ಮುದುಡಿತ್ತು. ನೆಲದ ಮೇಲಿನ ಛತ್ರಿಗಳನ್ನು ಯಾರೂ ಎತ್ತಿಕೊಂಡಿರಲಿಲ್ಲ. ಅವನು ಎದ್ದು ತನ್ನ ಕುರ್ಚಿಯನ್ನು ಅವಳ ಕಡೆ ತಳ್ಳಿದ. ಅವಳು ಆ ನಾಲ್ಕು ಮುಖಗಳನ್ನು ಒಮ್ಮೆ ನೋಡಿ, ಕುರ್ಚಿಯನ್ನು ನೋಡಿ, ಕೂತಳು.

"ಇನ್ನೊಂದ್ಸಲ ಹಾಕು," ಎಂದಳು.